ಅಜ್ಜನ ಮುಖದ ಕಾರು

ಹಳೆಯ ಕಾರು ಕೊಳ್ಳಲು ಹೊರಟವರ ಜೊತೆ ಹೋಗುವುದೆಂದರೆ ವರ ನೋಡಲು ಹೊರಟವರ ಜೊತೆ ಹೋದ ಹಾಗೆ. ಒಬ್ಬರಿಗೆ ಬಣ್ಣ ಬೇಕು, ಒಬ್ಬರಿಗೆ ಮನೆತನ ಬೇಕು, ಕುಡಿಯುವ ಚಟವಿದೆಯೇ ಎಂದು ಕೇಳುವವರು ಮಾತ್ರ ಒಬ್ಬರೂ ಇರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಅಲ್ಲಿ ಓದುತ್ತಿದ್ದಾಳೆ. ಆ ಊರಿನಲ್ಲಿ ಕಾರಿಲ್ಲದವರು ಕಾಲಿಲ್ಲದವರಿದ್ದಂತೆ. ಬಸ್ಸು ಇದೆ, ಆದರೆ ಅದರ ಮರ್ಜಿಗೆ ನಾವು ಕಾಯಬೇಕು. ಜನವರಿಯ ಹಿಮದಲ್ಲಿ ನಿಂತು ಕಾಯುವುದು ಹೇಗಿರುತ್ತದೆಂದು ಅವಳು ವಿವರಿಸಿದಾಗ, ಆಗಸ್ಟ್‌ನ ಸೆಕೆಯಲ್ಲೂ ನನಗೆ ಮೈ ನಡುಗಿತು.

ಅವಳ ಕೈಯಲ್ಲಿದ್ದದ್ದು ಮೂರೂವರೆ ಸಾವಿರ ಡಾಲರ್. ಆ ಹಣಕ್ಕೆ ಅಲ್ಲಿ ಸಿಗುವುದು ಹದಿನೈದು ವರ್ಷಕ್ಕೆ ಮೇಲ್ಪಟ್ಟ ಕಾರುಗಳು. ಅವುಗಳಲ್ಲಿ ಒಂದಕ್ಕೆ ಹುಡುಗಿ ಆಗಲೇ ಮನಸ್ಸು ಕೊಟ್ಟಿದ್ದಳು. ಷೆವರ್ಲೆ ಕಂಪನಿಯ ಎಚ್‌ಎಚ್‌ಆರ್, 2007ರ ಮಾದರಿ, ಕಡು ಕೆಂಪು. "ನೋಡು ಚಿಕ್ಕಮ್ಮ, ಹಳೇ ಸಿನಿಮಾದಿಂದ ಇಳಿದು ಬಂದ ಹಾಗಿದೆ" ಎಂದಳು. ಹಾಗೆಯೇ ಇತ್ತು. ಉಬ್ಬಿದ ಮಡ್‌ಗಾರ್ಡುಗಳು, ದುಂಡನೆಯ ಹಿಂದೀಪ, ಕಮಾನಿನಂಥ ಎತ್ತರದ ಸೂರು, ಗಲ್ಲ ತುಂಬಿಕೊಂಡು ನಿಂತ ಮುಖ. ಕನ್ನಡಕ ಹಾಕಿ ಪೇಟ ಸುತ್ತಿದರೆ ನನ್ನ ತಾಯಿಯ ತಂದೆಯೇ.

ಎಚ್‌ಎಚ್‌ಆರ್ ಎಂದರೆ 'ಹೆರಿಟೇಜ್ ಹೈ ರೂಫ್'. ಪರಂಪರೆಯ ಎತ್ತರದ ಸೂರು ಎಂದು ಅರ್ಥ. ಪರಂಪರೆ ಎನ್ನುವ ಮಾತನ್ನು ಹೆಸರಿನಲ್ಲೇ ಸೇರಿಸಿ ಮಾರಿದ ವಸ್ತುವಿನ ಬಗ್ಗೆ ನನಗೆ ಸ್ವಲ್ಪ ಅನುಮಾನ. ನಮ್ಮ ಊರಲ್ಲಿ 'ಸಾಂಪ್ರದಾಯಿಕ' ಎಂದು ಬೋರ್ಡು ಹಾಕಿದ ಹೋಟೆಲಿನ ಸಾರು ಹೇಗಿರುತ್ತದೆಂದು ನಿಮಗೂ ಗೊತ್ತಿರಬಹುದು.

ಈ ಹಳೆಯ ವೇಷದ ಹುಚ್ಚು ಕಾರುಗಳ ಲೋಕಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. 1998ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಹಳೆಯ ಬೀಟಲ್‌ಗೆ ಹೊಸ ಅವತಾರ ಕೊಟ್ಟಿತು. 2000ದಲ್ಲಿ ಕ್ರೈಸ್ಲರ್ ಕಂಪನಿಯ ಪಿಟಿ ಕ್ರೂಸರ್ ಬಂತು, ಮರು ವರ್ಷ ಹೊಸ ಮಿನಿ ಬಂತು. ಪಿಟಿ ಕ್ರೂಸರ್‌ನ ರೂಪ ಬರೆದವರು ಬ್ರಯನ್ ನೆಸ್ಬಿಟ್. ಮೊದಲೆರಡು ವರ್ಷ ಜನ ಅದಕ್ಕೆ ಮುಗಿಬಿದ್ದರು. ಅವರೇ 2001ರಲ್ಲಿ ಎದುರಾಳಿ ಜನರಲ್ ಮೋಟರ್ಸ್‌ಗೆ ಹೋದರು. ಅಲ್ಲಿ ಅವರ ಉಸ್ತುವಾರಿಯಲ್ಲಿ ಹುಟ್ಟಿ 2005ರಲ್ಲಿ ಮಾರಾಟಕ್ಕೆ ಬಂದದ್ದು ಈ ಎಚ್‌ಎಚ್‌ಆರ್. ಅಂದರೆ ಇವೆರಡೂ ಒಂದೇ ದರ್ಜಿ ಎರಡು ಅಂಗಡಿಯಲ್ಲಿ ಹೊಲಿದ ರವಿಕೆಗಳು. ಪಿಟಿ ಕ್ರೂಸರ್ 2010ರಲ್ಲಿ ನಿಂತಿತು, ಎಚ್‌ಎಚ್‌ಆರ್ 2011ರಲ್ಲಿ. ಇದು ತಯಾರಾಗುತ್ತಿದ್ದದ್ದು ಮೆಕ್ಸಿಕೋದ ರಾಮೋಸ್ ಅರಿಸ್ಪೆ ಎಂಬ ಊರಿನಲ್ಲಿ. ಭಾರತಕ್ಕೆ ಇದು ಬರಲೇ ಇಲ್ಲ. ಷೆವರ್ಲೆ ಹೆಸರಿನ ಬೇರೆ ಕಾರುಗಳನ್ನು ನಾವು ನೋಡಿದ್ದೇವೆ, ಅವುಗಳ ಮಾರಾಟವೂ ಇಲ್ಲಿ 2017ರಲ್ಲಿ ನಿಂತುಹೋಯಿತು.

ನಮಗೆ ಹಳೆಯ ಕಾರು ಎಂದರೆ ಅಂಬಾಸಿಡರ್. ಅದು ಹಳೆಯದರ ಹಾಗೆ ನಟಿಸುತ್ತಿರಲಿಲ್ಲ, ಹಳೆಯದೇ ಆಗಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹುಟ್ಟಿ, 2014ರಲ್ಲಿ ಬಂಗಾಳದ ಉತ್ತರಪಾಡಾದ ಕಾರ್ಖಾನೆ ನಿಲ್ಲುವವರೆಗೆ ಹೆಚ್ಚುಕಡಿಮೆ ಅದೇ ಮುಖ ಹೊತ್ತು ಬದುಕಿತು. ನಾನು ಸ್ಟೀರಿಂಗ್ ಹಿಡಿದು ಕಲಿತದ್ದು ಅದರಲ್ಲೇ. ಗೇರು ಹಾಕುವುದೆಂದರೆ ರುಬ್ಬುವ ಕಲ್ಲು ತಿರುಗಿಸಿದ ಹಾಗೆ. ಆದರೆ ಕೂತಲ್ಲಿಂದ ಎದುರಿನ ರಸ್ತೆ, ಪಕ್ಕದ ಎಮ್ಮೆ, ಹಿಂದಿನ ಲಾರಿ ಎಲ್ಲವೂ ಕಾಣುತ್ತಿದ್ದವು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಎಚ್‌ಎಚ್‌ಆರ್ ಯಾರ ಮುಖವನ್ನು ಎರವಲು ತಂದಿದೆ? ಅದೇ ಕಂಪನಿಯ 1949ರ ಸಬರ್ಬನ್ ಗಾಡಿಯದು. ಅದೃಷ್ಟಕ್ಕೆ ಆ ಕಾಲದ ಮೂಲ ಗಾಡಿಯೊಂದನ್ನು ನೋಡುವ ಅವಕಾಶ ಅದೇ ವಾರ ಸಿಕ್ಕಿತು. ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಪ್ರತಿ ಆಗಸ್ಟ್‌ನ ಮೂರನೆಯ ಶನಿವಾರ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಫರ್ನ್‌ಡೇಲ್ ಎಂಬ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಶುರುಮಾಡಿದ್ದಂತೆ. ಈಗ ಮೈಲಿಗಟ್ಟಲೆ ಉದ್ದಕ್ಕೆ ಜನ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ನಮ್ಮಲ್ಲಿ ತೇರಿಗೆ ಕಾದು ಕೂತ ಹಾಗೆ. ಕಡಲೆಪುರಿಯ ಬದಲು ಪಾಪ್‌ಕಾರ್ನ್.

ಅಲ್ಲಿ ಕಂಡ ಆ ಹಳೆಯ ಸಬರ್ಬನ್ ಕೆಲಸದ ಗಾಡಿ. ಲಾರಿಯ ಮೈಮೇಲೆ ಮುಚ್ಚಿಗೆ ಕೂರಿಸಿದಂಥದ್ದು, ಅಕ್ಕಪಕ್ಕಕ್ಕೆ ಎರಡೇ ಬಾಗಿಲು. ಹಿಂದಿನ ಸಾಲಿಗೆ ಹೋಗಬೇಕಾದರೆ ಮುಂದಿನ ಸೀಟು ಮಗುಚಿ ನುಗ್ಗಬೇಕು. ಅದರ ಚೆಲುವು ಯಾರೂ ಬಯಸಿ ತಂದದ್ದಲ್ಲ. ಎಂಟು ಜನರನ್ನೋ ಹೊಲದ ಸಾಮಾನನ್ನೋ ಹೊರಬೇಕಾದಾಗ ತಗಡು ಬಗ್ಗಿದ ರೀತಿಗೇ ಆ ರೂಪ ಬಂದಿದೆ. ನಾನು ಗಮನಿಸಿದ ಇನ್ನೊಂದು ಸಂಗತಿ ಅದರ ಕಂಬಗಳು. ಗಾಜು ಮತ್ತು ಗಾಜಿನ ನಡುವೆ ಸೂರನ್ನು ಹೊತ್ತ ಕಂಬ ಛತ್ರಿಯ ಕೋಲಿನಷ್ಟು ತೆಳು. ಒಳಗೆ ಕೂತವರ ಭುಜದವರೆಗೂ ಹೊರಗಿನಿಂದ ಕಾಣುತ್ತಿತ್ತು. ಹುಡುಗಿ ಫೋಟೊ ತೆಗೆಯುತ್ತಿದ್ದಳು, ನಾನು ಕಿಟಕಿಯ ಎತ್ತರವನ್ನು ಗೇಣಿನಲ್ಲಿ ಅಳೆಯುತ್ತಿದ್ದೆ. ಅದರ ಮಾಲೀಕರು ನನ್ನನ್ನು ಕೊಂಚ ವಿಚಿತ್ರವಾಗಿ ನೋಡಿದರು.

ಮರುದಿನ ಮಾರಾಟದ ಕಾರನ್ನು ನೋಡಲು ಹೋದೆವು. ಊರ ಹೊರಗೆ, ಹಳೆಯ ಕಾರು ಮಾರುವವರೊಬ್ಬರ ಅಂಗಳ. ಹುಡುಗಿ ಒಂದು ಸುತ್ತು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಆಮೇಲೆ ಅಂಗಳದಲ್ಲಿ ನಿಲ್ಲಿಸಿದಾಗ ನಾನು ಚಾಲಕಿಯ ಸೀಟಿನಲ್ಲಿ ಕೂತು ನೋಡಿದೆ. ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಒಳ್ಳೆಯದು ನಿಜವಾಗಿಯೂ ಇದೆ.

ಹತ್ತುವುದು, ಇಳಿಯುವುದು ಬಹಳ ಸುಲಭ. ಈಗಿನ ತಗ್ಗು ಕಾರುಗಳಲ್ಲಿ ಬಾವಿಗೆ ಇಳಿದ ಹಾಗೆ ಇಳಿಯಬೇಕು, ಎತ್ತರದ ಜೀಪಿನಂಥವಕ್ಕೆ ಅಟ್ಟ ಹತ್ತಿದ ಹಾಗೆ ಹತ್ತಬೇಕು. ಇದರ ಸೀಟು ಅಡುಗೆಮನೆಯ ಕುರ್ಚಿಯ ಎತ್ತರದಲ್ಲಿದೆ. ಸೀರೆ ಉಟ್ಟವಳೂ ನೆರಿಗೆ ಹಿಡಿಯದೆ ಕೂರಬಹುದು, ಮಂಡಿನೋವಿನವರೂ ಅಯ್ಯೋ ಎನ್ನದೆ ಏಳಬಹುದು. ತಲೆಯ ಮೇಲೆ ಜಾಗ ಧಾರಾಳ. ಉದ್ದ ಸುಮಾರು ನಾಲ್ಕೂವರೆ ಮೀಟರು, ನಮ್ಮ ಇನ್ನೋವಾಕ್ಕಿಂತ ಸ್ವಲ್ಪ ಗಿಡ್ಡ. ಆದರೆ ಅಷ್ಟರಲ್ಲೇ ಹೊಟ್ಟೆ ದೊಡ್ಡದು. ಹಿಂದಿನ ಸೀಟುಗಳನ್ನು ಮಡಚಿದರೆ ನೆಲಕ್ಕೆ ಸಮವಾಗಿ ಮಲಗುತ್ತವೆ, ಬೆನ್ನಿಗೆ ಒರೆಸಿದರೆ ಹೋಗುವ ಗಟ್ಟಿ ಪ್ಲಾಸ್ಟಿಕ್ ಇದೆ. ಮುಂದಿನ ಪಕ್ಕದ ಸೀಟೂ ಮಲಗುತ್ತದೆ. ಏಣಿಯನ್ನೋ ಉದ್ದನೆಯ ಹಲಗೆಯನ್ನೋ ಹಿಂಬಾಗಿಲಿನಿಂದ ಮುಂದಿನವರೆಗೆ ತೂರಿಸಿ ಬಾಗಿಲು ಹಾಕಿಕೊಂಡು ಹೋಗಬಹುದು. ವರ್ಷಕ್ಕೊಮ್ಮೆ ಮನೆ ಬದಲಿಸುವ ವಿದ್ಯಾರ್ಥಿನಿಗೆ ಇದಕ್ಕಿಂತ ಅನುಕೂಲ ಯಾವುದು?

ಎಂಜಿನ್ನೂ ಮರ್ಯಾದಸ್ಥ. ನಾಲ್ಕು ಸಿಲಿಂಡರಿನ 2.2 ಲೀಟರಿನದು, 150ರ ಆಸುಪಾಸಿನ ಅಶ್ವಶಕ್ತಿ. ಇನ್ನೂ ಸ್ವಲ್ಪ ಜೋರಿನ 2.4 ಲೀಟರಿನದೂ ಇದೆ. ಹೊಸದಿದ್ದಾಗ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 30 ಮೈಲಿ ಎಂದು ಜಾಹೀರಾತು ಕೊಟ್ಟಿದ್ದರು, ನಮ್ಮ ಲೆಕ್ಕದಲ್ಲಿ ಲೀಟರಿಗೆ ಹನ್ನೆರಡು ಮುಕ್ಕಾಲು ಕಿಲೋಮೀಟರು. ಊರೊಳಗೆ ಅದಕ್ಕಿಂತ ಕಡಿಮೆ. ಹಳೆಯ ಕಾರು ಕೊಳ್ಳುವವರಿಗೆ ಮುಖ್ಯವಾದ ಒಂದು ಒಳಗುಟ್ಟು ಇದೆ. ಎಂಜಿನ್ನಿನ ಒಳಗಿನ ತಾಳ ಹಿಡಿಯಲು ಇದರಲ್ಲಿ ಉಕ್ಕಿನ ಚೈನಿದೆ. ಪಿಟಿ ಕ್ರೂಸರ್‌ನಲ್ಲಿ ಇರುವುದು ರಬ್ಬರಿನ ಬೆಲ್ಟು. ಬೆಲ್ಟನ್ನು ಇಷ್ಟು ಮೈಲಿಗೊಮ್ಮೆ ಬದಲಿಸಲೇಬೇಕು, ಹಿಂದಿನವರು ಬದಲಿಸದೆ ನಮ್ಮ ತಲೆಗೆ ಕಟ್ಟಿದರೆ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ನುಂಗುತ್ತದೆ. ಚೈನಿಗೆ ಆ ಗಡುವಿಲ್ಲ. ಎಣ್ಣೆ ಮಾತ್ರ ಹೊತ್ತುಹೊತ್ತಿಗೆ ಬದಲಿಸಿರಬೇಕು. ಅಕ್ಕತಂಗಿಯರಲ್ಲಿ ಒಬ್ಬಳನ್ನು ಆರಿಸಬೇಕಾದರೆ ನಾನು ಈ ಕಾರಣಕ್ಕೇ ತಂಗಿಯನ್ನು ಆರಿಸಿಯೇನು.

ಇನ್ನು ಅಂಬಾಸಿಡರಿನ ಮಾತಿಗೆ ಬರುತ್ತೇನೆ. ನನ್ನ ಎತ್ತರ 4 ಅಡಿ 11 ಅಂಗುಲ. ಚಾಲಕಿಯ ಸೀಟಿನಲ್ಲಿ ಕೂತು ಹಿಂತಿರುಗಿ ನೋಡಿದರೆ ಏನು ಕಂಡಿತು ಗೊತ್ತೆ? ಸೀಟಿನ ಬೆನ್ನು, ಒಂದು ದಪ್ಪ ಕಂಬ, ಅಂಚೆಪೆಟ್ಟಿಗೆಯ ಬಾಯಿಯಷ್ಟು ಗಾಜು. ಎದುರಿನ ಗಾಜೂ ಅಡ್ಡಡ್ಡ, ಗಿಡ್ಡ. ಪಕ್ಕದ ಕಿಟಕಿಯ ಕೆಳ ಅಂಚು ನನ್ನ ಭುಜಕ್ಕೆ ಬರುತ್ತದೆ. ಎರಡು ಮೂಲೆಗಳ ಕಂಬದ ಹಿಂದೆ ರಸ್ತೆ ದಾಟುವ ಮನುಷ್ಯನೊಬ್ಬ ಪೂರ್ತಿ ಅಡಗಬಹುದು. ಕಂಬ ದಪ್ಪವಾಗಿರಲು ಕಾರಣವಿದೆ. ಕಾರು ಮಗುಚಿದರೆ ಸೂರು ಕುಸಿಯಬಾರದು. ಅದು ನ್ಯಾಯವೇ. ಆದರೆ ಕಂಬ ದಪ್ಪವಾಯಿತಲ್ಲ ಎಂದು ಗಾಜನ್ನು ಎತ್ತರ ಮಾಡಬೇಕಿತ್ತು. ಹಾಗೆ ಮಾಡಿದರೆ ಅಜ್ಜನ ಮುಖ ಕೆಡುತ್ತದೆ. ಕೆಳಗೆ ದಪ್ಪ ಮೈ, ಮೇಲೆ ಕಿರಿದು ಗಾಜು, ಅದೇ ತಾನೆ ಆ ಮುಖದ ಗುಟ್ಟು? ಆದ್ದರಿಂದ ಗಾಜು ಚಿಕ್ಕದಾಗಿಯೇ ಉಳಿಯಿತು.

ಹೀಗೆ ಹಳೆಯ ಕಾಲದ ಚೆಂದವನ್ನು ನೋಡಿ ಖುಷಿಪಡುವವರು ರಸ್ತೆಯ ಬದಿಯಲ್ಲಿ ನಿಂತವರು. ಒಳಗೆ ಕೂತು ಓಡಿಸುವವಳಿಗೆ ಸಿಗುವುದು ಕಿರಿದಾದ ಕಿಟಕಿ. ನಮ್ಮ ತೊಟ್ಟಿಮನೆಗಳ ಕತೆಯೂ ಇದೇ ಅಲ್ಲವೇ? ಜಗುಲಿಯಲ್ಲಿ ಕೂತು ಕಂಬದ ಕೆತ್ತನೆಯನ್ನು ಹೊಗಳುವವರು ಹೊಗೆ ತುಂಬಿದ ಅಡುಗೆಮನೆಯ ಕಿಂಡಿಯನ್ನು ನೋಡಿರುವುದಿಲ್ಲ. ಮೂಲ ಸಬರ್ಬನ್‌ನ ತೆಳು ಕಂಬವನ್ನು ಬಿಟ್ಟು ದಪ್ಪ ಮೈಯನ್ನಷ್ಟೇ ಎತ್ತಿಕೊಂಡರಲ್ಲ ಎಂಬುದು ನನ್ನ ಆಕ್ಷೇಪ. ಇನ್ನೊಂದು ಸಣ್ಣ ದೂರು ಕಿಟಕಿಯ ಗುಂಡಿಗಳದು. ಅವು ಬಾಗಿಲಲ್ಲಿಲ್ಲ, ನಡುವೆ ಗೇರಿನ ಬಳಿ ಕೆಳಗಿವೆ. ಟೋಲ್ ಕಟ್ಟಲು ಗಾಜು ಇಳಿಸಬೇಕಾದರೆ ಕಣ್ಣು ರಸ್ತೆ ಬಿಟ್ಟು ಕೆಳಕ್ಕೆ ಹೋಗುತ್ತದೆ. ಅಭ್ಯಾಸವಾಗುತ್ತದೆ ಎಂದು ಮಾರುವವರು ಹೇಳಿದರು. ಅಭ್ಯಾಸ ಯಾವುದಕ್ಕೆ ಆಗುವುದಿಲ್ಲ ಹೇಳಿ.

ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ಮಾರುವವರು ಕೀ ಕೊಟ್ಟಾಗ ಅದರ ಜೊತೆ ಒಂದು ಗೊಂಚಲೇ ಬಂತು. ಅಂಗಡಿಯ ಬೀಗದ ಕೈಗಳು ಐದಾರು, ಒಂದು ಮರದ ಮೀನು, ಬಾಟಲಿ ಮುಚ್ಚಳ ತೆಗೆಯುವ ಸಾಧನ. ಹುಡುಗಿಯ ಕೀ ಗೊಂಚಲೂ ಅಂಥದ್ದೇ. ನನ್ನದಂತೂ ಕೇಳಬೇಡಿ. ಬೀಗದ ಕೈ ಗೊಂಚಲು ಸೊಂಟಕ್ಕೆ ಬಂದ ದಿನ ಹೆಂಗಸಿಗೆ ಮನೆಯ ಯಜಮಾನಿಕೆ ಬಂದಂತೆ ಎಂದು ನಂಬಿದ ಕುಟುಂಬದವಳು ನಾನು. ಆದರೆ ಆ ಗೊಂಚಲನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು. ಹಿಂದಿನ ರಾತ್ರಿ ನಾನು ಈ ಕಾರಿನ ಚರಿತ್ರೆಯನ್ನು ಓದಿ ಮಲಗಿದ್ದೆ.

ಚರಿತ್ರೆ ಹೀಗಿದೆ. ಎಚ್‌ಎಚ್‌ಆರ್ ಹೊರಗೆ ಅಜ್ಜನಂತೆ ಕಂಡರೂ ಒಳಗಿನ ಮೂಳೆಗಳು ಅದೇ ಕಂಪನಿಯ ಕೋಬಾಲ್ಟ್ ಎಂಬ ಅಗ್ಗದ ಕಾರಿನವು. ಅಲ್ಲಿಂದಲೇ ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ ಕೂಡ ಬಂತು. ಆ ಸ್ವಿಚ್ಚಿನೊಳಗೆ ಕೀಯನ್ನು ಒಂದು ಹಂತದಲ್ಲಿ ಹಿಡಿದು ನಿಲ್ಲಿಸುವ ಪುಟ್ಟ ಸ್ಪ್ರಿಂಗ್ ಇದೆ. ಅದು ಬೇಕಾದ್ದಕ್ಕಿಂತ ಸಡಿಲ. ಗಾಡಿ ಓಡುತ್ತಿರುವಾಗ ಒಂದು ಗುಂಡಿಗೆ ಬಿದ್ದರೆ, ಗೊಂಚಲಿನ ಭಾರ ಜಗ್ಗಿದರೆ, ಮಂಡಿ ತಗುಲಿದರೆ ಕೀ ಒಂದು ಹಂತ ಹಿಂದೆ ಸರಿಯುತ್ತದೆ. ಆಗ ಎಂಜಿನ್ ಆರುತ್ತದೆ. ಸ್ಟೀರಿಂಗಿಗೂ ಬ್ರೇಕಿಗೂ ಸಿಗುತ್ತಿದ್ದ ಯಂತ್ರದ ಸಹಾಯ ನಿಂತು ಎರಡೂ ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಗಾಬರಿಯಲ್ಲಿ ಕಾರು ಎಲ್ಲಾದರೂ ಗುದ್ದಿದರೆ ಏರ್‌ಬ್ಯಾಗ್ ಅರಳುವುದಿಲ್ಲ. ಕೀ ಹಿಂದೆ ಸರಿದಾಗ ಅದಕ್ಕೂ ಕರೆಂಟು ಹೋಗಿರುತ್ತದೆ.

2010ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಕೋಬಾಲ್ಟ್ ಓಡಿಸುತ್ತಿದ್ದ 29 ವರ್ಷದ ಒಬ್ಬ ದಾದಿ ಸತ್ತಳು. ತಂದೆತಾಯಿ ಅದನ್ನು ಮಗಳ ತಪ್ಪು ಎಂದು ಒಪ್ಪಲಿಲ್ಲ, ನ್ಯಾಯಾಲಯಕ್ಕೆ ಹೋದರು. ಅವರ ವಕೀಲರ ಪರವಾಗಿ ಒಬ್ಬ ಎಂಜಿನಿಯರ್ ಆ ಕಾರಿನ ಸ್ವಿಚ್ಚನ್ನೂ ಅಂಗಡಿಯಿಂದ ತಂದ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರು. ಎರಡರ ಮೇಲೂ ಅದೇ ನಂಬರು. ಒಳಗಿನ ಕಡ್ಡಿ ಮಾತ್ರ ಹೊಸದರಲ್ಲಿ ಸುಮಾರು ಒಂದೂವರೆ ಮಿಲಿಮೀಟರು ಉದ್ದ. ಅಂದರೆ ಯಾರೋ ದೋಷವನ್ನು ತಿಳಿದು, ಸದ್ದಿಲ್ಲದೆ ತಿದ್ದಿ, ನಂಬರು ಬದಲಿಸದೆ ಬಿಟ್ಟಿದ್ದರು. ಒಂದೂವರೆ ಮಿಲಿಮೀಟರು ಎಂದರೆ ಒಂದು ರಾಗಿ ಕಾಳು. ಹೆತ್ತವರು ಹಿಡಿದ ಹಟ ರಾಗಿ ಕಾಳಿನಷ್ಟು ಸತ್ಯವನ್ನು ಹೊರಗೆ ತಂದಿತು.

ಕಾರುಗಳನ್ನು ವಾಪಸು ಕರೆಸಿ ಸರಿಪಡಿಸುವ ಕೆಲಸ ಶುರುವಾದದ್ದು 2014ರ ಫೆಬ್ರವರಿಯಲ್ಲಿ. ಮೊದಲು ಕೆಲವು, ಆಮೇಲೆ ಇನ್ನಷ್ಟು, ಕೊನೆಗೆ 2006ರಿಂದ 2011ರವರೆಗಿನ ಎಲ್ಲ ಎಚ್‌ಎಚ್‌ಆರ್ ಕೂಡ ಪಟ್ಟಿಗೆ ಸೇರಿದವು. ಆ ಜನವರಿಯಲ್ಲಷ್ಟೇ ಮೇರಿ ಬಾರಾ ಆ ಕಂಪನಿಯ ಮುಖ್ಯಸ್ಥೆಯಾಗಿದ್ದರು. ಅಷ್ಟು ದೊಡ್ಡ ಮೋಟಾರು ಕಂಪನಿಗೆ ಹೆಂಗಸೊಬ್ಬಳು ಮುಖ್ಯಸ್ಥೆಯಾದದ್ದು ಅದೇ ಮೊದಲು. ಏಪ್ರಿಲ್ 1ರಂದು ಅಮೆರಿಕದ ಸಂಸತ್ತಿನ ಎದುರು ನಿಂತು ಉತ್ತರ ಹೇಳುವ ಪಾಳಿ ಅವರದಾಯಿತು. ಹಳೆಯವರು ಮಾಡಿಟ್ಟ ಗಲೀಜು ತೊಳೆಯಲು ಹೊಸ ಸೊಸೆ ಬಂದ ಹಾಗೆ ಎಂದುಕೊಂಡೆ. ಆದರೆ ಅವರೂ ದಶಕಗಳಿಂದ ಅದೇ ಮನೆಯಲ್ಲಿದ್ದವರು, ನನ್ನ ಹೋಲಿಕೆ ಪೂರ್ತಿ ಸರಿಯಲ್ಲ. ಆ ಭಾಗದ ಬೆಲೆ 57 ಸೆಂಟು ಎಂದು ವಿಚಾರಣೆಯಲ್ಲಿ ಒಬ್ಬ ಸಂಸದೆ ಹೇಳಿದರು. ಕಂಪನಿ ಸ್ಥಾಪಿಸಿದ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124.

ನನಗೆ ನಿದ್ದೆಗೆಡಿಸಿದ್ದು ಈ ಅಂಕಿಗಿಂತಲೂ 2005ರ ಡಿಸೆಂಬರಿನ ಒಂದು ಸುತ್ತೋಲೆ. ಕಂಪನಿ ತನ್ನ ಮಾರಾಟಗಾರರಿಗೆ ಕಳಿಸಿದ್ದು. ಎಚ್‌ಎಚ್‌ಆರ್ ಹೆಸರೂ ಅದರಲ್ಲಿತ್ತು. ಓಡುವಾಗ ಗಾಡಿ ಆರಿಹೋಗುವ ತೊಂದರೆ ಇದೆ, ಓಡಿಸುವವರು ಗಿಡ್ಡಗಿದ್ದು ಅವರ ಕೀ ಗೊಂಚಲು ಭಾರವಾಗಿದ್ದರೆ ಹೆಚ್ಚು, ಅಂಥವರು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವುದರಿಂದ ಮಂಡಿ ಗೊಂಚಲಿಗೆ ತಾಗುತ್ತದೆ ಎಂಬುದು ಅದರ ತಾತ್ಪರ್ಯ. ಪರಿಹಾರವೂ ಇತ್ತು. ಗಿರಾಕಿಗೆ ಹೇಳಿ ಗೊಂಚಲಿನಿಂದ ಬೇಡದ ಸಾಮಾನು ತೆಗೆಸಿ, ಕೀಯ ಉದ್ದನೆಯ ತೂತಿಗೆ ಒಂದು ಬಿಲ್ಲೆ ತೂರಿಸಿ ಅದನ್ನು ಪುಟ್ಟ ತೂತು ಮಾಡಿ, ಉಂಗುರ ಅತ್ತಿತ್ತ ಜಾರದಿರಲಿ ಎಂದು.

ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಗಿಡ್ಡಗಿರುವವರು, ಸೀಟು ಮುಂದೆ ಎಳೆದುಕೊಳ್ಳುವವರು, ಭಾರದ ಗೊಂಚಲು ಇಟ್ಟುಕೊಂಡವರು. ಹೆಂಗಸರು ಎಂಬ ಪದ ಒಂದು ಬಿಟ್ಟು ಮಿಕ್ಕೆಲ್ಲ ಬರೆದಿದ್ದರು! ಅಂದರೆ 2005ರಲ್ಲಿಯೇ ಒಬ್ಬ ಎಂಜಿನಿಯರಿನ ಮೇಜಿನ ಮೇಲೆ ನನ್ನ ಚಿತ್ರ ಇತ್ತು. 4 ಅಡಿ 11 ಅಂಗುಲದವಳು, ಮನೆ ಕೀ, ಗೇಟು ಕೀ, ಗೋದ್ರೇಜು ಕೀ, ಶಾಲೆಯ ಲಾಕರಿನ ಕೀ ಹೊತ್ತವಳು. ಆ ಚಿತ್ರ ನೋಡಿ ಅವರು ಸ್ಪ್ರಿಂಗನ್ನು ಗಟ್ಟಿ ಮಾಡುವ ಬದಲು ನನ್ನ ಗೊಂಚಲನ್ನು ಹಗುರ ಮಾಡಲು ಹೇಳಿದರು. ಅದನ್ನೂ ಕಾರು ಕೊಂಡ ಎಲ್ಲರಿಗೂ ಹೇಳಲಿಲ್ಲ, ದೂರು ಹೊತ್ತು ಬಂದವರಿಗೆ ಮಾತ್ರ. ಸೆರಗು ಸರಿ ಮಾಡಿಕೋ, ದಾರಿಯಲ್ಲಿ ಯಾರೂ ನೋಡುವುದಿಲ್ಲ ಎನ್ನುವ ಮಾತಿಗೂ ಇದಕ್ಕೂ ಎಷ್ಟು ದೂರ?

ಎಚ್‌ಎಚ್‌ಆರ್‌ನ ಕಿಟಕಿ ಮತ್ತು ಎಚ್‌ಎಚ್‌ಆರ್‌ನ ಕೀ, ಎರಡನ್ನೂ ನಾನು ಒಂದೇ ತಪ್ಪು ಎಂದು ನೋಡುತ್ತೇನೆ. ಹೊರಗಿನ ಉಬ್ಬುತಗ್ಗುಗಳ ಮೇಲೆ ಎಷ್ಟು ಪ್ರೀತಿಯಿಂದ ಕೈಯಾಡಿಸಿದ್ದಾರೆಂದು ಕಣ್ಣಿಗೇ ಕಾಣುತ್ತದೆ. 1949ರ ಗಾಡಿಯ ಮಡ್‌ಗಾರ್ಡಿನ ಬಾಗು ತಪ್ಪಬಾರದೆಂದು ಎಷ್ಟು ರಾತ್ರಿ ಎದ್ದಿದ್ದರೋ. ಒಳಗೆ ಕೂರುವ ಮೈ ಯಾವುದು, ಎಷ್ಟು ಎತ್ತರದ್ದು, ಅದರ ಮಂಡಿ ಎಲ್ಲಿಗೆ ಬರುತ್ತದೆ ಎಂದು ಕೇಳುವಾಗ ಮಾತ್ರ ಅವಸರ. ರೂಪ ಬರೆದವರು ಬೇರೆ, ಸ್ವಿಚ್ಚು ಆರಿಸಿದವರು ಬೇರೆ ಎಂದು ಯಾರಾದರೂ ವಾದಿಸಬಹುದು. ಕೊಳ್ಳುವವಳಿಗೆ ಬರುವುದು ಒಂದೇ ಬಿಲ್ಲು.

ಹಾಗಾದರೆ ಇಂದು ಇದನ್ನು ಯಾರಾದರೂ ಕೊಳ್ಳಬಹುದೇ? ಕೊಳ್ಳಬಹುದು, ಎತ್ತರದವರು, ಸಾಮಾನು ಸಾಗಿಸುವವರು, ಹೆಚ್ಚು ಹಿಂದಕ್ಕೆ ತೆಗೆಯುವ ಪ್ರಮೇಯ ಇಲ್ಲದವರು. ನಿಮ್ಮ ಮಕ್ಕಳು ಅಲ್ಲಿ ಓದುತ್ತಿದ್ದು ಇಂಥದ್ದಕ್ಕೆ ಮನಸೋತಿದ್ದರೆ ಈ ಮಾತುಗಳನ್ನು ಮುಟ್ಟಿಸಿ. ಪ್ರತಿ ಕಾರಿಗೂ ಹದಿನೇಳು ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಇರುತ್ತದೆ. ಎದುರಿನ ಗಾಜಿನ ಕೆಳಗೆ, ಚಾಲಕನ ಬದಿಯಲ್ಲಿ ಕಾಣುತ್ತದೆ. ಅದನ್ನು ಬರೆದುಕೊಂಡು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗೆ ಕೊಟ್ಟರೆ, ಆ ಕಾರಿಗೆ ಆಗಬೇಕಾದ ಯಾವ ದುರಸ್ತಿ ಬಾಕಿ ಇದೆ ಎಂದು ಪುಕ್ಕಟೆ ಹೇಳುತ್ತಾರೆ. ಮಾರುವವರ ಮಾತು ನಂಬಬೇಡಿ. ವಾಪಸು ಕರೆದ ಕಾರನ್ನು ದುರಸ್ತಿ ಮಾಡಿಸದೆಯೇ ಮಾರುವುದಕ್ಕೆ ಅಲ್ಲಿನ ಕೇಂದ್ರ ಕಾನೂನು ಹಳೆಯ ಕಾರಿನ ವ್ಯಾಪಾರಿಗಳನ್ನು ತಡೆಯುವುದಿಲ್ಲ. ಎಲ್ಲದಕ್ಕೂ ಕಾನೂನಿರುವ ದೇಶದಲ್ಲಿ ಇದಕ್ಕಿಲ್ಲ ಎಂದು ಕೇಳಿ ನಾನು ಎರಡು ಸಲ ಖಚಿತ ಮಾಡಿಕೊಂಡೆ. ಈ ಕಾರಿನ ಕೆಲವು ವರ್ಷಗಳ ಮಾದರಿಗಳನ್ನು ಸ್ಟೀರಿಂಗಿನ ವಿದ್ಯುತ್ ಸಹಾಯದ ದೋಷಕ್ಕೂ 2014ರಲ್ಲೇ ವಾಪಸು ಕರೆದಿದ್ದರು, ಅದನ್ನೂ ನೋಡಿ. ಮೊದಲ ವರ್ಷಗಳ ಅಗ್ಗದ ಮಾದರಿಯಲ್ಲಿ ಚಕ್ರ ಜಾರದಂತೆ ತಡೆಯುವ ಬ್ರೇಕು, ಪಕ್ಕದ ಪರದೆ ಏರ್‌ಬ್ಯಾಗು ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಇದ್ದವು. ಇದೆಯೋ ಇಲ್ಲವೋ ಕೇಳಿ. ಮಿಷಿಗನ್ನಿನಂಥ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ಕಾರಿನ ಹೊಟ್ಟೆಯನ್ನು ತಿನ್ನುತ್ತದೆ. ಮೇಲೆ ಥಳಥಳಿಸುವ ಕಾರಿನ ಕೆಳಗೆ ಬಗ್ಗಿ ನೋಡಲು ನಾಚಬೇಡಿ. ನಾನು ಸೀರೆಯಲ್ಲೇ ಬಗ್ಗಿದೆ.

ನಮ್ಮ ಕೆಂಪು ಕಾರಿನ ಗುರುತನ್ನು ಹುಡುಗಿ ಅಲ್ಲೇ ನಿಂತು ಪರೀಕ್ಷಿಸಿದಳು. ಬಾಕಿ ಏನೂ ಇರಲಿಲ್ಲ. ಯಾರೋ ಪುಣ್ಯಾತ್ಮರು ಸ್ವಿಚ್ಚು, ಕೀ ಎರಡನ್ನೂ ಬದಲಿಸಿಕೊಂಡಿದ್ದರು. ಈಗ ನಾನು ತಡೆಯಲು ಯಾವ ದೊಡ್ಡ ಕಾರಣವೂ ಉಳಿಯಲಿಲ್ಲ. "ಹಿಂದಕ್ಕೆ ತೆಗೆದು ಆ ಕಂಬದ ಪಕ್ಕ ನಿಲ್ಲಿಸು, ನೋಡೋಣ" ಎಂದೆ, ಅಷ್ಟೆ. ಅವಳೂ ನನ್ನಷ್ಟೇ ಎತ್ತರ, ನಮ್ಮ ವಂಶದ ಬಳುವಳಿ. ಮೂರು ಸಲ ಪ್ರಯತ್ನಿಸಿದಳು. ಮೂರನೆಯ ಸಲ ಕಾರು ನಿಲ್ಲಿಸಿ, ಇಳಿದು ಹಿಂದೆ ಹೋಗಿ ಕಂಬ ಎಲ್ಲಿದೆ ಎಂದು ನೋಡಿ ಬಂದಳು. ಆಮೇಲೆ ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಳು. ನಾನು ಮಾತಾಡಲಿಲ್ಲ.

ಕೊನೆಗೆ ಅವಳು ಕೊಂಡದ್ದು ಬೂದು ಬಣ್ಣದ ಒಂದು ಸೆಡಾನ್. ಅದರ ಹೆಸರು ನನಗೆ ಈಗಲೂ ನೆನಪಿರುವುದಿಲ್ಲ, ಪಾರ್ಕಿಂಗಿನಲ್ಲಿ ಅವಳಿಗೇ ತನ್ನ ಕಾರು ಗುರುತು ಸಿಗುವುದಿಲ್ಲವಂತೆ. ಆದರೆ ಎಲ್ಲ ಕಡೆಯೂ ಗಾಜು. ಕೆಂಪು ಎಚ್‌ಎಚ್‌ಆರ್ ರಸ್ತೆಯಲ್ಲಿ ಕಂಡರೆ ಈಗಲೂ ಫೋಟೊ ತೆಗೆದು ನನಗೆ ಕಳಿಸುತ್ತಾಳೆ, 'ನಿನ್ನ ಅಜ್ಜ ಸಿಕ್ಕಿದ್ದ' ಎಂದು ಬರೆದು. ಚೆಂದವಾಗಿಯೇ ಕಾಣುತ್ತದೆ, ಸುಳ್ಳು ಹೇಳಲಾರೆ.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಗೊಂಚಲಿನಿಂದ ಕಾರಿನ ಕೀಯನ್ನು ಬಿಡಿಸಿದ್ದು. ನನ್ನ ಕಾರಿನ ಸ್ವಿಚ್ಚಿಗೆ ಅಂಥ ರೋಗವೇನೂ ಇಲ್ಲ ಎಂದು ಮೆಕ್ಯಾನಿಕ್ ಹೇಳಿದ. ಆದರೂ ಬಿಡಿಸಿದೆ. ಗೊಂಚಲು ಎಲ್ಲಿಟ್ಟರೂ ಝಣ್ ಎಂದು ಸದ್ದು ಮಾಡಿ ಕೈಗೆ ಸಿಗುತ್ತಿತ್ತು. ಒಂಟಿ ಕೀಗೆ ಸದ್ದಿಲ್ಲ. ಈಗ ದಿನಾ ಬೆಳಿಗ್ಗೆ ಹೊರಡುವ ಹೊತ್ತಿಗೆ ಮನೆಮಂದಿಯೆಲ್ಲ ಸೋಫಾದ ದಿಂಬು ಎತ್ತಿ ಹುಡುಕುತ್ತಾರೆ.